ಎನ್‌ಕ್ಲೆಕ್ಸ್, ಸಿಬಿಟಿ, ಪ್ರೊಮೆಟ್ರಿಕ್, ನಾರ್ಸೆಟ್: ಬಳ್ಳಾರಿ, ರಾಯಚೂರು, ಕೊಪ್ಪಳದ ನರ್ಸ್‌ಗಳು ಯಾವುದನ್ನು ಮೊದಲು ಬರೆಯಬೇಕು?

ಬಿಎಸ್ಸಿ ನರ್ಸಿಂಗ್ ಅಥವಾ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದವರಿಗೆ ಇಲ್ಲಿ ಕೆಲಸಕ್ಕೆ ಸೇರಲು ಸದ್ಯ ಬೇರೆ ಲೈಸೆನ್ಸ್ ಪರೀಕ್ಷೆ ಇಲ್ಲ. ಆ ಮಾತು ಬರುವುದು ಹೊರದೇಶಕ್ಕೆ ಹೊರಟಾಗ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದಲ್ಲಿ ನೋಂದಾಯಿತ ನರ್ಸ್ (ಆರ್‌ಎನ್) ಆಗಲು ಎನ್‌ಕ್ಲೆಕ್ಸ್ ಆರ್‌ಎನ್. ಬ್ರಿಟನ್ನಿಗೆ ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿ, ಅದರ ಮೇಲೆ ಕೆಲಸ ಮಾಡಿ ತೋರಿಸುವ ಆಸ್ಕಿ. ದುಬೈ, ಸೌದಿ ಕಡೆಗೆ ನಾವೆಲ್ಲ ಒಟ್ಟಾಗಿ ಪ್ರೊಮೆಟ್ರಿಕ್ ಎಂದು ಕರೆಯುವ ಪರೀಕ್ಷೆಗಳು. ಇವುಗಳ ಪಕ್ಕದಲ್ಲಿ, ಇಲ್ಲೇ ಉಳಿದು ಕೇಂದ್ರ ಸರ್ಕಾರದ ನೌಕರಿ ಹಿಡಿಯುವ ನಾರ್ಸೆಟ್ ಕೂಡ ಇದೆ. ಅದು ಲೈಸೆನ್ಸ್ ಪರೀಕ್ಷೆಯಲ್ಲ, ನೇಮಕಾತಿ ಪರೀಕ್ಷೆ. ಆದರೆ ಓದುವ ವರ್ಷಗಳು ಅವೇ ಆಗಿರುವುದರಿಂದ ಅದನ್ನು ಬಿಟ್ಟು ಹೋಲಿಸಲು ಆಗುವುದಿಲ್ಲ.

ನಮ್ಮ ಮೂರು ಜಿಲ್ಲೆಗಳ ಕಾಲೇಜುಗಳಿಂದ ಹೊರಬಂದವರು ಕೇಳುವ ಮೊದಲ ಪ್ರಶ್ನೆ "ಯಾವುದು ಸುಲಭ?" ಎಂಬುದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ನಿಮ್ಮ ಕೈಯಲ್ಲಿರುವ ಕಾಗದಗಳು ಏನು ಹೇಳುತ್ತವೆ, ವಯಸ್ಸು ಎಷ್ಟು, ಇಂಗ್ಲಿಷ್ ಎಲ್ಲಿಗಿದೆ, ಪಾಸಾದ ಮೇಲೆ ವೀಸಾ ಎಷ್ಟು ಕಾಲಕ್ಕೆ ಸಿಗುತ್ತದೆ ಎನ್ನುವ ನಾಲ್ಕನ್ನು ನೋಡಿದರೆ ಹೆಚ್ಚಿನವರಿಗೆ ಉಳಿಯುವುದು ಒಂದೋ ಎರಡೋ ದಾರಿ. ಸಿಲಬಸ್ ನೋಡುವುದು ಆಮೇಲೆ.

ಕಾಗದದಲ್ಲೇ ಅರ್ಧ ಉತ್ತರ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನರ್ಸಿಂಗ್ ಅಂಕಪಟ್ಟಿ, ಪರಿಷತ್ತಿನ ನೋಂದಣಿ, ಪಾಸ್‌ಪೋರ್ಟ್ ನಾಲ್ಕನ್ನೂ ಮೇಜಿನ ಮೇಲಿಟ್ಟು ಹೆಸರು ಓದಿ. ಶಾಲೆಯಲ್ಲಿ "ಲಕ್ಷ್ಮಿ ಎಚ್", ಪಾಸ್‌ಪೋರ್ಟಿನಲ್ಲಿ "ಲಕ್ಷ್ಮಿ ಹನುಮಂತಪ್ಪ", ಮದುವೆಯಾದ ಮೇಲೆ ಆಧಾರಿನಲ್ಲಿ ಗಂಡನ ಹೆಸರು. ನಮ್ಮ ಕಡೆ ಇದು ಮನೆಮನೆಯ ಕಥೆ. ವಿದೇಶಿ ಪರೀಕ್ಷೆಗಳಿಗೆ ಪಾಸ್‌ಪೋರ್ಟೇ ಗುರುತಿನ ದಾಖಲೆ. ಬುಕ್ಕಿಂಗಿನ ಹೆಸರು ಅದಕ್ಕೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ಶುಲ್ಕವೂ ಹೋಗುತ್ತದೆ. ಆದ್ದರಿಂದ ಪಾಸ್‌ಪೋರ್ಟ್ ಮೊದಲು ಸರಿಮಾಡಿಸಿ, ಸರ್‌ನೇಮ್ ಕಲಂ ಖಾಲಿ ಬಿಡಬೇಡಿ, ಮುಂದಿನ ಎಲ್ಲ ಅರ್ಜಿಗಳನ್ನೂ ಅದೇ ಹೆಸರಿನಲ್ಲಿ ಹಾಕಿ. ಹಳೆಯ ಅಂಕಪಟ್ಟಿಯ ಹೆಸರೂ ಈ ಹೆಸರೂ ಒಬ್ಬರದೇ ಎಂಬ ಅಫಿಡವಿಟ್ಟನ್ನು ನೋಟರಿ ಮುಂದೆ ಮಾಡಿಸಿ ಇಟ್ಟುಕೊಳ್ಳಿ.

ಎರಡನೆಯದು ಅನುಭವ ಪತ್ರ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಸಣ್ಣ ನರ್ಸಿಂಗ್ ಹೋಂಗಳಲ್ಲಿ ಮೂರು ವರ್ಷ ದುಡಿದವರ ಕೈಯಲ್ಲೂ ಕೆಲವೊಮ್ಮೆ ನಾಲ್ಕು ಸಾಲಿನ ಚೀಟಿ ಮಾತ್ರ ಇರುತ್ತದೆ. ಪತ್ರ ಲೆಟರ್‌ಹೆಡ್‌ನಲ್ಲಿರಬೇಕು. ಸೇರಿದ ಹಾಗೂ ಬಿಟ್ಟ ದಿನಾಂಕ, ಹುದ್ದೆಯ ಹೆಸರು, ವಾರ್ಡು, ಹಾಸಿಗೆಗಳ ಸಂಖ್ಯೆ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ, ಸೀಲು, ಕೆಲಸ ಮಾಡುವ ಫೋನ್ ನಂಬರ್ ಮತ್ತು ಇಮೇಲ್ ಇಷ್ಟೂ ಬೇಕು. ಪರಿಷತ್ತಿನ ನೋಂದಣಿ ದಿನಾಂಕಕ್ಕಿಂತ ಹಿಂದಿನ ಕೆಲಸವನ್ನು ನರ್ಸ್ ಅನುಭವವೆಂದು ಲೆಕ್ಕಕ್ಕೆ ಹಿಡಿಯುವುದು ಕಷ್ಟ. ಅದಕ್ಕೇ ಫಲಿತಾಂಶ ಬಂದ ಕೂಡಲೇ ನೋಂದಣಿ ಮಾಡಿಸುವುದು ಒಳ್ಳೆಯದು.

ಮೂರನೆಯದು ಜಿಎನ್‌ಎಂ ಅಥವಾ ಬಿಎಸ್ಸಿ ಎಂಬ ವ್ಯತ್ಯಾಸ. ಬ್ರಿಟನ್ ಇಬ್ಬರನ್ನೂ ಒಂದೇ ಪರೀಕ್ಷೆಗೆ ಕೂರಿಸುತ್ತದೆ. ಸೌದಿಯ ವರ್ಗೀಕರಣದಲ್ಲಿ ಡಿಪ್ಲೊಮಾ ಇದ್ದವರು ಟೆಕ್ನಿಷಿಯನ್, ಪದವಿ ಇದ್ದವರು ಸ್ಪೆಷಲಿಸ್ಟ್; ಸಂಬಳವೂ ಅದರಂತೆ. ಕೆನಡಾ, ಆಸ್ಟ್ರೇಲಿಯಾ ಪದವಿಯ ಮಟ್ಟಕ್ಕೆ ಹೋಲಿಸಿ ನೋಡುತ್ತವೆ. ಅಲ್ಲಿಗೆ ಮನಸ್ಸಿದ್ದರೆ ಜಿಎನ್‌ಎಂ ಆದವರು ಮೊದಲು ಪೋಸ್ಟ್ ಬೇಸಿಕ್ ಬಿಎಸ್ಸಿ ಮುಗಿಸಿಕೊಳ್ಳಬೇಕು. ಅಮೆರಿಕದ ಹಲವು ರಾಜ್ಯಗಳು ಜಿಎನ್‌ಎಂ ಒಪ್ಪುತ್ತವೆ, ಆದರೆ ಥಿಯರಿ ಮತ್ತು ಕ್ಲಿನಿಕಲ್ ಗಂಟೆಗಳನ್ನು ಒಂದೊಂದಾಗಿ ಎಣಿಸುತ್ತವೆ.

ವಯಸ್ಸು ಮೀರುವ ಪರೀಕ್ಷೆ ಮೊದಲು

ವಿದೇಶಿ ಲೈಸೆನ್ಸ್ ಪರೀಕ್ಷೆಗಳು 35ರಲ್ಲೂ ಕಾಯುತ್ತವೆ. ನಾರ್ಸೆಟ್ ಕಾಯುವುದಿಲ್ಲ. ದೆಹಲಿಯ ಏಮ್ಸ್ ನಡೆಸುವ ಈ ಪರೀಕ್ಷೆಗೆ ಸಾಮಾನ್ಯ ವರ್ಗಕ್ಕೆ ವಯೋಮಿತಿ 30, ಒಬಿಸಿಗೆ 3 ಮತ್ತು ಎಸ್‌ಸಿ, ಎಸ್‌ಟಿಗೆ 5 ವರ್ಷ ಸಡಿಲಿಕೆ. ಬಿಎಸ್ಸಿಯವರಿಗೆ ಅನುಭವ ಬೇಡ. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷ ಬೇಕು. 20 ಹಾಸಿಗೆಯ ನರ್ಸಿಂಗ್ ಹೋಂ ಇಲ್ಲಿ ನಡೆಯುವುದಿಲ್ಲ. ಹುದ್ದೆ ನರ್ಸಿಂಗ್ ಆಫೀಸರ್, 7ನೇ ವೇತನ ಹಂತ, ಮೂಲವೇತನ 44,900 ರೂಪಾಯಿಯಿಂದ ಶುರು. ಪ್ರಿಲಿಮ್ಸ್‌ನಲ್ಲಿ ಅರ್ಹತೆಗೆ ಸಾಮಾನ್ಯ ವರ್ಗಕ್ಕೆ ಶೇ 50, ಒಬಿಸಿಗೆ 45, ಎಸ್‌ಸಿ, ಎಸ್‌ಟಿಗೆ 40 ಅಂಕ. ಪ್ರತಿ ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಡಿತ.

ಇಲ್ಲಿ ನಮ್ಮವರು ಎಡವುವುದು ಜಾತಿ ಪ್ರಮಾಣಪತ್ರದಲ್ಲಿ. ರಾಜ್ಯದ 2ಎ, 3ಬಿ ಪತ್ರ ಕೇಂದ್ರಕ್ಕೆ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಕೆನೆಪದರ ರಹಿತ ಪತ್ರ ಬೇಕು, ಮತ್ತು ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಸಂವಿಧಾನದ 371ಜೆ ವಿಧಿಯ ಮೀಸಲಾತಿಯೂ ಇಲ್ಲಿ ಅನ್ವಯಿಸದು. ನೌಕರಿಯಲ್ಲಿ ಅದು ರಾಜ್ಯ ಸರ್ಕಾರದ ನೇಮಕಾತಿಗೆ ಮಾತ್ರ: ಕಲ್ಯಾಣ ಕರ್ನಾಟಕದೊಳಗಿನ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಜಿಲ್ಲಾಸ್ಪತ್ರೆಗಳ ಶುಶ್ರೂಷಾಧಿಕಾರಿ ಹುದ್ದೆಗೆ ಕಾಯುವವರು ಉಪವಿಭಾಗಾಧಿಕಾರಿ ಕೊಡುವ 371ಜೆ ಪತ್ರವನ್ನು ಅಧಿಸೂಚನೆ ಬರುವ ಮುಂಚೆಯೇ ಮಾಡಿಸಿಟ್ಟರೆ ಕೊನೆಯ ವಾರದ ಓಡಾಟ ತಪ್ಪುತ್ತದೆ.

ನಮ್ಮ ಅಭಿಪ್ರಾಯ ಸ್ಪಷ್ಟ. ಬಿಎಸ್ಸಿ ಮುಗಿಸಿದ 22, 23ರ ವಯಸ್ಸಿನವರು ಮೊದಲ ಎರಡು ವರ್ಷ ನಾರ್ಸೆಟ್ ಬರೆಯುತ್ತ, ಜೊತೆಗೇ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ನೌಕರಿ ಸಿಕ್ಕರೆ ಸರಿ. ಸಿಗದಿದ್ದರೆ ವಿದೇಶಕ್ಕೆ ಬೇಕಾದ ಎರಡು ವರ್ಷದ ಅನುಭವ ಅಷ್ಟರಲ್ಲಿ ಕೂಡಿರುತ್ತದೆ.

ಕೊಲ್ಲಿ ದೇಶಗಳು: ಪರೀಕ್ಷೆ ಹಗುರ, ದಾಖಲೆ ಭಾರ

ದುಬೈಗೆ ಡಿಎಚ್‌ಎ, ಅಬುಧಾಬಿಗೆ ಡಿಒಎಚ್, ಸೌದಿಗೆ ಎಸ್‌ಸಿಎಫ್‌ಎಚ್‌ಎಸ್, ಹೀಗೆ ಆಯಾ ಕಡೆಯ ಆರೋಗ್ಯ ಪ್ರಾಧಿಕಾರದ ಪರೀಕ್ಷೆ. ಬಹುಪಾಲು ಪರೀಕ್ಷೆಗಳು ಪ್ರೊಮೆಟ್ರಿಕ್ ಎಂಬ ಪರೀಕ್ಷಾ ಕಂಪನಿಯ ಕೇಂದ್ರದಲ್ಲಿ, ಅಬುಧಾಬಿಯದು ಪಿಯರ್ಸನ್ ವ್ಯೂ ಎಂಬ ಇನ್ನೊಂದು ಕಂಪನಿಯ ಕೇಂದ್ರದಲ್ಲಿ. ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು, ತಪ್ಪಿಗೆ ಅಂಕ ಕಡಿತವಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಮೆಡಿಕಲ್ ಸರ್ಜಿಕಲ್, ಒಬಿಜಿ (ಹೆರಿಗೆ ಮತ್ತು ಸ್ತ್ರೀರೋಗ), ಮಕ್ಕಳ ವಿಭಾಗ, ಔಷಧ ಲೆಕ್ಕ, ಸೋಂಕು ನಿಯಂತ್ರಣ ಗಟ್ಟಿಯಾಗಿದ್ದರೆ ದಿನಕ್ಕೆ ಎರಡು ತಾಸಿನಂತೆ ಎರಡೂವರೆ ತಿಂಗಳ ಓದು ಸಾಕು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯನ್ನು ಕೇಳುವುದಿಲ್ಲ, ಪ್ರಶ್ನೆಗಳಂತೂ ಇಂಗ್ಲಿಷಿನಲ್ಲೇ ಇರುತ್ತವೆ.

ಬಹಳ ಜನ ಇಲ್ಲಿ ಸೋಲುವುದು ಪರೀಕ್ಷೆಯಲ್ಲಲ್ಲ, ದಾಖಲೆ ಪರಿಶೀಲಿಸುವ ಸಂಸ್ಥೆಯಾದ ಡೇಟಾಫ್ಲೋದಲ್ಲಿ. ನಿಮ್ಮ ಪದವಿ, ನೋಂದಣಿ, ಅನುಭವವನ್ನು ಅದು ನೇರವಾಗಿ ಆಯಾ ಸಂಸ್ಥೆಗೇ ಬರೆದು ವಿಚಾರಿಸುತ್ತದೆ. ಹಳೆಯ ಆಸ್ಪತ್ರೆಯ ಕಚೇರಿಯವರು ಇಮೇಲ್ ನೋಡದೇ ಹೋದರೆ ಫೈಲು ತಿಂಗಳುಗಟ್ಟಲೆ ನಿಲ್ಲುತ್ತದೆ. ದಿನಾಂಕ ಬೇರೆ ಬಂದರೆ ವರದಿ ನೆಗೆಟಿವ್ ಆಗುತ್ತದೆ, ಆ ಕಲೆ ಮುಂದಿನ ದೇಶದ ಅರ್ಜಿಗೂ ಅಂಟಿಕೊಳ್ಳಬಹುದು. ಅರ್ಜಿ ಹಾಕುವ ವಾರವೇ ಹಳೆಯ ಆಸ್ಪತ್ರೆಗೆ ಹೋಗಿ, ಯಾವ ಇಮೇಲಿನಿಂದ ಪ್ರಶ್ನೆ ಬರಬಹುದು, ಯಾವ ದಿನಾಂಕ ಹೇಳಬೇಕು ಎಂಬುದನ್ನು ಕಾಗದದಲ್ಲಿ ಬರೆದುಕೊಟ್ಟು ಬನ್ನಿ. ಆರು ತಿಂಗಳು ಹೆಚ್ಚಿಗೆ ಅನುಭವ ಹಾಕಿಕೊಡುತ್ತೇವೆ ಎನ್ನುವವರನ್ನು ದೂರವಿಡಿ.

ಏಜೆಂಟರ ವಿಷಯದಲ್ಲಿ ಲೆಕ್ಕ ಗೊತ್ತಿರಲಿ. ನೋಂದಾಯಿತ ನೇಮಕಾತಿ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಸೌದಿ, ಯುಎಇ, ಕುವೈತ್ ಸೇರಿ 18 ದೇಶಗಳಿಗೆ ನರ್ಸ್ ಆಗಿ ಹೋಗುವವರಿಗೆ 2015ರಿಂದ ಕೇಂದ್ರ ಸರ್ಕಾರದ ಇ ಮೈಗ್ರೇಟ್ ಜಾಲತಾಣದ ಮೂಲಕ ಅನುಮತಿ ಕಡ್ಡಾಯ. "ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸೋಣ" ಎಂಬ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ. ರಾಜ್ಯ ಸರ್ಕಾರದ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ನರ್ಸ್‌ಗಳ ನೇಮಕಾತಿ ಮಾಡುತ್ತದೆ, ಅಲ್ಲಿ ಮೊದಲು ವಿಚಾರಿಸಿ.

ಬ್ರಿಟನ್: ಓದು ಕಡಿಮೆ, ಇಂಗ್ಲಿಷ್ ಹೆಚ್ಚು

ಸಿಬಿಟಿಯಲ್ಲಿ ಎರಡು ಭಾಗ. ಎ ಭಾಗ ಲೆಕ್ಕ: 15 ಪ್ರಶ್ನೆ, 30 ನಿಮಿಷ, ಆಯ್ಕೆಗಳಿಲ್ಲ, ಉತ್ತರವನ್ನು ಟೈಪ್ ಮಾಡಬೇಕು. ಬಿ ಭಾಗ ಶುಶ್ರೂಷೆ: 100 ಪ್ರಶ್ನೆ, ಎರಡೂವರೆ ಗಂಟೆ. ಎರಡಕ್ಕೂ ಸೇರಿ ಶುಲ್ಕ 83 ಪೌಂಡ್. ಒಂದರಲ್ಲಿ ಫೇಲಾದರೆ ಅದನ್ನಷ್ಟೇ ಮತ್ತೆ ಬರೆಯಬಹುದು. ಆರರಿಂದ ಎಂಟು ವಾರದ ತಯಾರಿ ಸಾಕಾಗುತ್ತದೆ.

ಲೆಕ್ಕದ ಭಾಗವನ್ನು ಕಡೆಗಣಿಸಬೇಡಿ. ವಾರ್ಡಿನಲ್ಲಿ ಸಲೈನ್ ಹನಿಯನ್ನು ಕಣ್ಣಳತೆಯಲ್ಲಿ ಹೊಂದಿಸಿ ರೂಢಿಯಾದವರು ಇಲ್ಲಿ ತಪ್ಪುತ್ತಾರೆ. ಒಂದು ಲೀಟರ್ ಸಲೈನ್ 8 ಗಂಟೆಯಲ್ಲಿ, ಸೆಟ್ ಎಂಎಲ್‌ಗೆ 20 ಹನಿ: 1000 × 20 ÷ 480, ಅಂದರೆ 41.67, ನಿಮಿಷಕ್ಕೆ 42 ಹನಿ. ಹೆಪಾರಿನ್ 25,000 ಯೂನಿಟ್ 50 ಎಂಎಲ್‌ನಲ್ಲಿದ್ದು ಗಂಟೆಗೆ 1,000 ಯೂನಿಟ್ ಬೇಕಾದರೆ ಗಂಟೆಗೆ 2 ಎಂಎಲ್. 60 ಕೆಜಿ ರೋಗಿಗೆ ಡೋಪಮಿನ್ ಕೆಜಿಗೆ ನಿಮಿಷಕ್ಕೆ 5 ಮೈಕ್ರೊಗ್ರಾಂ, 200 ಮಿಲಿಗ್ರಾಂ 50 ಎಂಎಲ್‌ನಲ್ಲಿ: ಗಂಟೆಗೆ 18 ಮಿಲಿಗ್ರಾಂ, ಎಂಎಲ್‌ಗೆ 4 ಮಿಲಿಗ್ರಾಂ, ಉತ್ತರ ಗಂಟೆಗೆ 4.5 ಎಂಎಲ್. ಮೈಕ್ರೊಗ್ರಾಂ, ಮಿಲಿಗ್ರಾಂ ಬದಲಿಸುವಾಗ ಸಾವಿರದ ಒಂದು ಸೊನ್ನೆ ತಪ್ಪುವುದೇ ಹೆಚ್ಚಿನವರ ಸಮಸ್ಯೆ. ದಿನಕ್ಕೆ ಹತ್ತು ಲೆಕ್ಕ ಮಾಡಿದರೆ ಮೂರು ವಾರದಲ್ಲಿ ಕೈ ಪಳಗುತ್ತದೆ.

ಬಿ ಭಾಗದಲ್ಲಿ ರೋಗಶಾಸ್ತ್ರಕ್ಕಿಂತ ಅಲ್ಲಿನ ಪದ್ಧತಿ ಮುಖ್ಯ: ಬ್ರಿಟನ್ನಿನ ಶುಶ್ರೂಷಾ ಪರಿಷತ್ತಾದ ಎನ್‌ಎಂಸಿಯ ಸಂಹಿತೆಯ ನಾಲ್ಕು ಭಾಗಗಳು, ಒಪ್ಪಿಗೆ, ರೋಗಿಯ ನಿರ್ಧಾರ ಸಾಮರ್ಥ್ಯದ ಕುರಿತ 2005ರ ಮೆಂಟಲ್ ಕೆಪ್ಯಾಸಿಟಿ ಆಕ್ಟ್, ಸೇಫ್‌ಗಾರ್ಡಿಂಗ್ (ದುರ್ಬಲರ ರಕ್ಷಣೆ), ರೋಗಿಯ ಸ್ಥಿತಿ ಕೆಡುವುದನ್ನು ಗುರುತಿಸುವ ನ್ಯೂಸ್ 2 ಸ್ಕೋರು. ರೋಗಿಯ ಮನೆಯವರು ಹೇಳಿದ್ದಕ್ಕೆ ಒಪ್ಪುವುದು ನಮ್ಮಲ್ಲಿ ರೂಢಿ. ಅಲ್ಲಿ ಬುದ್ಧಿ ಸ್ಥಿಮಿತದಲ್ಲಿರುವ ರೋಗಿಯ ಮಾತೇ ಕೊನೆ, ಮಗ ಏನೇ ಹೇಳಲಿ. ಸಕ್ಕರೆ ಪ್ರಮಾಣವೂ ಮಿಲಿಮೋಲ್‌ನಲ್ಲಿರುತ್ತದೆ.

ಆಸ್ಕಿಗೆ ಕೂರುವುದು ಬ್ರಿಟನ್ನಿಗೆ ಹೋದ ಮೇಲೆ. ಒಂದೊಂದು ಕೆಲಸ ಮಾಡಿ ತೋರಿಸುವ ಹತ್ತು ಸ್ಟೇಷನ್, ಶುಲ್ಕ 794 ಪೌಂಡ್, ಬಹಳಷ್ಟು ಎನ್‌ಎಚ್‌ಎಸ್ (ಸರ್ಕಾರಿ) ಆಸ್ಪತ್ರೆಗಳು ಮೊದಲ ಸಲದ್ದನ್ನು ಭರಿಸುತ್ತವೆ. ಕೆಲಸಕ್ಕೆ ಸೇರಿದ 12 ವಾರದೊಳಗೆ ಮೊದಲ ಸಲ ಕೂರಬೇಕು, 8 ತಿಂಗಳೊಳಗೆ ಪಾಸಾಗಬೇಕು. ಕೈ ತೊಳೆಯುವುದು, ರೋಗಿಯ ಹೆಸರು ಮತ್ತು ಅಲರ್ಜಿ ಕೇಳುವುದು, ಔಷಧದ ಎಕ್ಸ್‌ಪೈರಿ ನೋಡುವುದು, ಕೊಡದ ಡೋಸಿಗೆ ಕಾರಣ ಬರೆಯುವುದು ಇಂಥವೇ ಅಂಕ ಕಳೆಯುವ ಜಾಗಗಳು. ಇಲ್ಲಿನ ಡ್ಯೂಟಿಯಲ್ಲಿ ಇಂದಿನಿಂದಲೇ ಹಾಗೆ ಮಾಡುವವರಿಗೆ ಅಲ್ಲಿ ಹೊಸದಾಗಿ ಕಲಿಯುವುದು ಕಡಿಮೆ.

ಈಗಿನ ತೊಡಕು ಕೆಲಸ ಸಿಗುವುದರಲ್ಲಿದೆ. 2022, 2023ರಲ್ಲಿ ಇದ್ದಷ್ಟು ನೇಮಕಾತಿ ಬ್ರಿಟನ್ನಿನಲ್ಲಿ ಈಗಿಲ್ಲ. ಹೊರದೇಶದಿಂದ ಹೋಗಿ ಹೊಸದಾಗಿ ನೋಂದಾಯಿಸುವ ನರ್ಸ್‌ಗಳ ಸಂಖ್ಯೆ 2024-25ರಲ್ಲಿ ಗಣನೀಯವಾಗಿ ಇಳಿದಿದೆ. ಸಿಬಿಟಿ ಫಲಿತಾಂಶಕ್ಕೆ ಎರಡು ವರ್ಷದ ಆಯಸ್ಸು. ಆದ್ದರಿಂದ ಇಂಗ್ಲಿಷ್ ಪಾಸಾಗದೆ ಸಿಬಿಟಿ ಬರೆಯಬೇಡಿ. ಹಾಗೆಂದು ಈ ದಾರಿಯನ್ನು ಬಿಡಬೇಕಿಲ್ಲ. 2025ರ ಏಪ್ರಿಲ್‌ನಿಂದ, ಬ್ರಿಟನ್ನಿನಂಥ ದೇಶದಲ್ಲಿ ನೋಂದಾಯಿತರಾಗಿ 1,800 ಗಂಟೆ ದುಡಿದ ನರ್ಸ್‌ಗೆ ಆಸ್ಟ್ರೇಲಿಯಾ ಎನ್‌ಕ್ಲೆಕ್ಸ್ ಇಲ್ಲದೆಯೇ ನೋಂದಣಿಯ ದಾರಿ ತೆರೆದಿದೆ.

ಎನ್‌ಕ್ಲೆಕ್ಸ್: ಯೋಚಿಸುವ ಕ್ರಮವೇ ಬೇರೆ

ವಿದೇಶಿ ಪರೀಕ್ಷೆಗಳು ಮೂರರಲ್ಲಿ ಇದು ಕಷ್ಟದ್ದು. ಕಂಪ್ಯೂಟರ್ ನಿಮ್ಮ ಪ್ರತಿ ಉತ್ತರ ನೋಡಿ ಮುಂದಿನ ಪ್ರಶ್ನೆ ಆರಿಸುತ್ತದೆ. ಕನಿಷ್ಠ 85, ಗರಿಷ್ಠ 150 ಪ್ರಶ್ನೆ, 5 ಗಂಟೆ. ಅದರಲ್ಲಿ 15 ಪ್ರಶ್ನೆ ಲೆಕ್ಕಕ್ಕಿಲ್ಲ, ಯಾವುವೆಂದು ಗೊತ್ತಾಗದು. ಪಾಸು ಅಥವಾ ಫೇಲು ಎಂದು ಶೇ 95ರಷ್ಟು ಖಚಿತವಾದಾಗ ನಿಲ್ಲುತ್ತದೆ. 85ಕ್ಕೆ ನಿಂತಿತೆಂದು ಸಂಭ್ರಮಿಸುವುದೂ 130 ದಾಟಿತೆಂದು ಎದೆಗುಂದುವುದೂ ಎರಡೂ ತಪ್ಪು. ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ.

2023ರ ಏಪ್ರಿಲ್‌ನಿಂದ ಬಂದ ಹೊಸ ಮಾದರಿಯಲ್ಲಿ ಆರಾರು ಪ್ರಶ್ನೆಯ ಮೂರು ಕೇಸ್ ಸ್ಟಡಿಗಳಿವೆ: ಲಕ್ಷಣ ಗುರುತಿಸು, ಅರ್ಥ ಮಾಡಿಕೋ, ಯಾವುದು ತುರ್ತು, ಏನು ಮಾಡಬಹುದು, ಏನು ಮಾಡುವೆ, ಫಲ ಏನಾಯಿತು. ಅನ್ವಯಿಸುವುದನ್ನೆಲ್ಲ ಗುರುತು ಹಾಕುವ ಪ್ರಶ್ನೆಗಳಲ್ಲಿ ಈಗ ಭಾಗಶಃ ಅಂಕ ಸಿಗುತ್ತದೆ, ಆದರೆ ತಪ್ಪು ಗುರುತು ಸರಿಯಾದ ಒಂದು ಅಂಕವನ್ನು ತಿನ್ನುತ್ತದೆ. ಸಂಶಯ ಬಂದದ್ದಕ್ಕೆಲ್ಲ ಟಿಕ್ ಹಾಕಿದರೆ ಸೊನ್ನೆಗೆ ಇಳಿಯುತ್ತೀರಿ.

ನಮ್ಮಲ್ಲಿ ಕಲಿತವರು ಹೆಚ್ಚು ತಪ್ಪುವುದು ಎರಡು ಕಡೆ. ಒಂದು, "ಡಾಕ್ಟರಿಗೆ ತಿಳಿಸು" ಎಂಬ ಉತ್ತರಕ್ಕೆ ಕೈ ಮೊದಲು ಹೋಗುವುದು. ಅಲ್ಲಿ ನರ್ಸ್ ತಾನು ನೋಡಿ, ತಾನು ಮಾಡಬಹುದಾದದ್ದನ್ನು ಮಾಡಿ, ಆಮೇಲೆ ಫೋನ್ ಮಾಡಬೇಕು. ಉಸಿರು ಕಟ್ಟುತ್ತಿರುವವನ ತಲೆಭಾಗ ಎತ್ತುವುದು ಮೊದಲು. ಇನ್ನೊಂದು, ಕೆಲಸ ಹಂಚುವುದು. ನಮ್ಮ ವಾರ್ಡಿನಲ್ಲಿ ಆಯಾ, ರೋಗಿಯ ಕಡೆಯವರು, ನರ್ಸಿಂಗ್ ವಿದ್ಯಾರ್ಥಿಗಳು ಎಲ್ಲರೂ ಎಲ್ಲವನ್ನೂ ಮಾಡುತ್ತಾರೆ. ಅಲ್ಲಿ ಸಹಾಯಕರಿಗೆ ಸ್ಥಿರವಾಗಿರುವ ರೋಗಿಯ ಸ್ನಾನ, ಊಟ, ಬಿಪಿ ಕೊಡಬಹುದು. ತಪಾಸಣೆ, ಕಲಿಸುವುದು, ಫಲ ಅಳೆಯುವುದು ಆರ್‌ಎನ್ ಕೈಬಿಡುವಂತಿಲ್ಲ. 2023ರ ಪರೀಕ್ಷಾ ನಕ್ಷೆಯಲ್ಲಿ ಈ ಆಡಳಿತದ ಭಾಗಕ್ಕೇ ಶೇ 15ರಿಂದ 21 ಪಾಲಿತ್ತು. ಔಷಧಕ್ಕೆ ಶೇ 13ರಿಂದ 19. ಪ್ಯಾರಸಿಟಮಾಲ್ ಅಲ್ಲಿ ಅಸಿಟಮಿನೊಫೆನ್, ಅಡ್ರಿನಲಿನ್ ಎಪಿನೆಫ್ರಿನ್, ಸಾಲ್ಬುಟಮಾಲ್ ಆಲ್ಬ್ಯುಟೆರಾಲ್.

ಅದಕ್ಕೇ ನಾರ್ಸೆಟ್ ಮತ್ತು ಎನ್‌ಕ್ಲೆಕ್ಸ್ ಒಟ್ಟಿಗೆ ಓದಬೇಡಿ ಎನ್ನುತ್ತೇವೆ. ನಾರ್ಸೆಟ್‌ನಲ್ಲಿ ನೆನಪು ಮತ್ತು ವೇಗ ದೊಡ್ಡದು. ಎನ್‌ಕ್ಲೆಕ್ಸ್‌ನಲ್ಲಿ ನಾಲ್ಕೂ ಸರಿಯಿದ್ದಾಗ ಮೊದಲು ಯಾವುದು ಎಂಬ ತೀರ್ಮಾನ. ನಾಲ್ಕರಿಂದ ಆರು ತಿಂಗಳು, ದಿನಕ್ಕೆ 50 ಪ್ರಶ್ನೆ. ಬಿಡಿಸಲು ಒಂದು ತಾಸಾದರೆ ವಿವರಣೆ ಓದಲು ಎರಡು ತಾಸು ಕೊಡಿ, ಸರಿಯಾದ ಉತ್ತರಗಳ ವಿವರಣೆಯನ್ನೂ ಓದಿ.

ಅರ್ಜಿಯ ಸಾಲು ಹೀಗೆ: ರಾಜ್ಯದ ಬೋರ್ಡ್ ಆರಿಸುವುದು, ಬಹುತೇಕ ಕಡೆ ಟ್ರೂಮೆರಿಟ್ (ಹಿಂದಿನ ಹೆಸರು ಸಿಜಿಎಫ್‌ಎನ್‌ಎಸ್) ಸಂಸ್ಥೆಯಿಂದ ಅರ್ಹತೆಯ ಪರಿಶೀಲನೆ, ಪಿಯರ್ಸನ್‌ಗೆ 200 ಡಾಲರ್, ಪರೀಕ್ಷೆಯ ಅನುಮತಿ ಪತ್ರ, ಭಾರತದಲ್ಲಿ ಬರೆಯಲು ಇನ್ನೂ 150 ಡಾಲರ್ ಮತ್ತು ತೆರಿಗೆ. ಅನುಮತಿ ಪತ್ರಕ್ಕೆ ಸಾಮಾನ್ಯವಾಗಿ 90 ದಿನ ಆಯಸ್ಸು. ಫೇಲಾದರೆ 45 ದಿನ ಕಾಯಬೇಕು. ವಿಳಂಬವಾಗುವುದು ಓದಿನ ಪೂರ್ಣ ವಿವರದ ದಾಖಲೆಯಾದ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ: ಬಿಎಸ್ಸಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ, ಜಿಎನ್‌ಎಂಗೆ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ, ಎರಡೂ ಬೆಂಗಳೂರಿನಲ್ಲಿ. ಗಂಟೆಗಳ ವಿವರ ಕಾಲೇಜೇ ತುಂಬಬೇಕು. ಮನೋರೋಗ ಮತ್ತು ಒಬಿಜಿ ಕ್ಲಿನಿಕಲ್ ಗಂಟೆ ಖಾಲಿ ಬಿಟ್ಟರೆ ಫೈಲು ವಾಪಸ್. ಕ್ಯಾಲಿಫೋರ್ನಿಯಾದಂಥ ರಾಜ್ಯ ಥಿಯರಿ ಮತ್ತು ಕ್ಲಿನಿಕಲ್ ಒಂದೇ ಅವಧಿಯಲ್ಲಿ ನಡೆದಿರಬೇಕೆನ್ನುತ್ತದೆ.

ಇಷ್ಟೆಲ್ಲ ದಾಟಿದ ಮೇಲೂ ಅಮೆರಿಕದ ಬಾಗಿಲಲ್ಲಿ ಉದ್ದದ ಸಾಲಿದೆ. ಭಾರತದಲ್ಲಿ ಹುಟ್ಟಿದ ನರ್ಸ್‌ಗಳು ಹೋಗುವ, ಕೆಲಸದ ಆಧಾರದ ಕಾಯಂ ವಾಸದ ಇಬಿ 3 ವೀಸಾದಲ್ಲಿ ಕಾಯುವಿಕೆ ಹತ್ತು ವರ್ಷ ಮೀರಿದೆ. ಏಜೆಂಟರು ಇದನ್ನು ಹೇಳುವುದಿಲ್ಲ. ಸಾಲ ಮಾಡಿ ಎನ್‌ಕ್ಲೆಕ್ಸ್ ಕೋಚಿಂಗ್ ಸೇರುವ ಮುಂಚೆ ಮನೆಯವರಿಗೂ ಇದು ಗೊತ್ತಿರಬೇಕು. ಆಸ್ಟ್ರೇಲಿಯಾ ಅಥವಾ ಕೆನಡಾ ಗುರಿಯಿದ್ದು ಪದವಿ ಇದ್ದವರಿಗೆ ಎನ್‌ಕ್ಲೆಕ್ಸ್ ಒಳ್ಳೆಯ ಆಯ್ಕೆ. ಆಸ್ಟ್ರೇಲಿಯಾಕ್ಕೆ ಅಡಿಲೇಡ್‌ನಲ್ಲಿ ಆಸ್ಕಿಯೂ ಇದೆ ಎಂಬುದನ್ನು ಖರ್ಚಿನಲ್ಲಿ ಸೇರಿಸಿಕೊಳ್ಳಿ.

ಇಂಗ್ಲಿಷ್ ಪರೀಕ್ಷೆಗೇ ಹೆಚ್ಚು ದಿನ

ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನಿಜವಾದ ಅಡ್ಡಗೋಡೆ ಇದು, ನಾಚಿಕೆಯ ವಿಷಯವಲ್ಲ, ಸಮಯದ ವಿಷಯ. ಬ್ರಿಟನ್ನಿಗೆ ಐಇಎಲ್‌ಟಿಎಸ್‌ನಲ್ಲಿ ಓದು, ಆಲಿಸುವುದು, ಮಾತು ಮೂರಕ್ಕೂ 7 ಬೇಕು, ಬರವಣಿಗೆಗೆ 6.5 ನಡೆಯುತ್ತದೆ. ಆರೋಗ್ಯ ವೃತ್ತಿಯವರ ಇಂಗ್ಲಿಷ್ ಪರೀಕ್ಷೆಯಾದ ಒಇಟಿಯಲ್ಲಿ ಮೂರಕ್ಕೆ ಬಿ, ಬರವಣಿಗೆಗೆ ಸಿ ಪ್ಲಸ್. ಒಇಟಿ ಶುಲ್ಕ ಹೆಚ್ಚು ಕಡಿಮೆ ಎರಡರಷ್ಟು. ಆದರೂ ವಾರ್ಡಿನಲ್ಲಿರುವವರಿಗೆ ಒಇಟಿಯನ್ನೇ ಹೇಳುತ್ತೇವೆ. ಐಇಎಲ್‌ಟಿಎಸ್ ನಗರ ಸಾರಿಗೆ, ಪರಿಸರದ ಮೇಲೆ ಪ್ರಬಂಧ ಕೇಳುತ್ತದೆ. ಒಇಟಿ ಕೇಸ್ ನೋಟ್ಸ್ ಕೊಟ್ಟು 180ರಿಂದ 200 ಪದದ ರೆಫರಲ್ ಅಥವಾ ಡಿಸ್ಚಾರ್ಜ್ ಪತ್ರ ಬರೆಸುತ್ತದೆ, 45 ನಿಮಿಷದಲ್ಲಿ. ಅಲ್ಲಿ ಅಂಕ ಹೋಗುವುದು ನೋಟ್ಸ್‌ನಲ್ಲಿದ್ದ ಎಲ್ಲವನ್ನೂ ತುರುಕುವುದರಿಂದ. ಪತ್ರ ಓದುವವರಿಗೆ ಬೇಡವಾದ ಹಳೆಯ ಶಸ್ತ್ರಚಿಕಿತ್ಸೆ, ಮನೆಯ ವಿವರ ಬಿಡಲು ಕಲಿಯಿರಿ. ನಾಲ್ಕರಿಂದ ಆರು ತಿಂಗಳು ಇದಕ್ಕೇ ಮೀಸಲಿಡಿ. ಅಮೆರಿಕದ ಕೆಲವು ರಾಜ್ಯಗಳು ಪರೀಕ್ಷೆಗೆ ಮುಂಚೆ ಇಂಗ್ಲಿಷ್ ಕೇಳದಿದ್ದರೂ ವೀಸಾಕ್ಕೆ ಬೇಕಾದ ವೀಸಾಸ್ಕ್ರೀನ್ ಪ್ರಮಾಣಪತ್ರದ ಹಂತದಲ್ಲಿ ಕೇಳುತ್ತಾರೆ.

ಪರೀಕ್ಷೆಯ ಹಿಂದಿನ ದಿನ

ಎನ್‌ಕ್ಲೆಕ್ಸ್ ಮತ್ತು ಸಿಬಿಟಿಗೆ ನಮಗೆ ಹತ್ತಿರದ ಕೇಂದ್ರಗಳು ಬೆಂಗಳೂರು ಮತ್ತು ಹೈದರಾಬಾದ್. ರಾಯಚೂರಿನವರಿಗೆ ಹೈದರಾಬಾದ್ ಬೆಂಗಳೂರಿನ ಸುಮಾರು ಅರ್ಧ ದೂರ; ಬುಕ್ ಮಾಡುವಾಗ ಅಭ್ಯಾಸಬಲದಿಂದ ಬೆಂಗಳೂರು ಒತ್ತಬೇಡಿ. ಕೊಪ್ಪಳ, ಬಳ್ಳಾರಿಯವರು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿ ಬೆಳಗ್ಗೆ ಇಳಿದು ನೇರ ಕೇಂದ್ರಕ್ಕೆ ಹೋಗುವ ಲೆಕ್ಕ ಹಾಕುತ್ತಾರೆ. ರೈಲು ಎರಡು ತಾಸು ತಡವಾದರೆ ಪರೀಕ್ಷೆಯೇ ಹೋಯಿತು. ಒಂದು ದಿನ ಮುಂಚೆ ಹೋಗಿ, ಕೇಂದ್ರದ ಹತ್ತಿರ ಉಳಿದು, ಸಂಜೆ ಒಮ್ಮೆ ದಾರಿ ನೋಡಿಕೊಂಡು ಬನ್ನಿ. ನೈಟ್ ಡ್ಯೂಟಿ ವಾರದ ಹಿಂದೆಯೇ ಬದಲಿಸಿಕೊಳ್ಳಿ.

ಅರ್ಧ ಗಂಟೆ ಮೊದಲು ಒಳಗಿರಬೇಕು. ಮೊಬೈಲ್, ವಾಚು, ಪರ್ಸು ಲಾಕರಿಗೆ. ಅಂಗೈ ಸ್ಕ್ಯಾನ್, ಫೋಟೊ, ಸಹಿ ಆಗುತ್ತವೆ. ಎನ್‌ಕ್ಲೆಕ್ಸ್‌ನ 5 ಗಂಟೆಯೊಳಗೇ ವಿರಾಮವೂ ಸೇರಿದೆ, ಆದರೂ ಎರಡು ತಾಸಾದ ಮೇಲೆ ಎದ್ದು ನೀರು ಕುಡಿದು ಏನಾದರೂ ತಿಂದು ಬನ್ನಿ, ಹತ್ತು ನಿಮಿಷ ಹೋದರೂ ಪರವಾಗಿಲ್ಲ. ಹಸಿದು ಕುಳಿತವರ ತಪ್ಪುಗಳು ಕೊನೆಯ 40 ಪ್ರಶ್ನೆಗಳಲ್ಲೇ ಗುಂಪಾಗಿ ಬೀಳುತ್ತವೆ.